ಸುತ್ತುದಾರಿಯ ನಡಿಗೆ



ಚಕ್ರವ್ಯೂಹವೆಂದೊಡನೆ ನಮಗೆಲ್ಲ ನೆನಪಾಗುವವನು ಅಭಿಮನ್ಯು. ಒಳಹೊಗಲು ಬಲ್ಲ, ಹೊರಬರಲು ಅರಿಯದ ಆ ಬಾಲವೀರನ ಪ್ರಸಂಗವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ 12ನೆಯ ಶತಮಾನದ ಶಿಲ್ಪಿಗಳು ಕಡೆದಿರಿಸಿದ್ದಾರೆ. ಅಲ್ಲಿ ವ್ಯೂಹವು ಒಂದರೊಳಗೊಂದು ಸುತ್ತಿಕೊಂಡ ದಾರಿಯ ಆಕಾರದಲ್ಲಿದೆ. ಅದನ್ನು ಹೋಲುವ ಸುತ್ತುದಾರಿಯೊಂದು ಫ್ರಾನ್ಸ್ ದೇಶದಲ್ಲಿ ಯುದ್ಧದ ನೆನಪಾಗಿ ಅಲ್ಲ, ಮನಶ್ಶಾಂತಿಯ ಹಾದಿಯಾಗಿ ಉಳಿದುಬಂದಿದೆ. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬಯಸುತ್ತೇವೆ.

ಶಾರ್ತ್ರ ಎಂಬ ಊರಿನ ಕ್ರೈಸ್ತ ದೇವಾಲಯದ ನೆಲಗಟ್ಟಿನಲ್ಲಿ 13ನೆಯ ಶತಮಾನದ ಆರಂಭಕಾಲದಲ್ಲಿ ಇದನ್ನು ಕಲ್ಲಿನಿಂದ ರಚಿಸಿದರು. ಅಡ್ಡಳತೆ ಸುಮಾರು 13 ಮೀಟರು, ಸುತ್ತುಗಳು 11; ಆದರೆ ನಡುವನ್ನು ಮುಟ್ಟಲು ನಡೆಯಬೇಕಾದ ದೂರ 260 ಮೀಟರುಗಳಷ್ಟು! ಕವಲುಗಳಿಲ್ಲ. ದಾರಿ ತಪ್ಪುವ ಭಯವಿಲ್ಲದ ಕಾರಣ ಕಾಲು ತನ್ನಷ್ಟಕ್ಕೆ ನಡೆಯುತ್ತದೆ. ಮನಸ್ಸಿಗೆ ತನ್ನನ್ನು ತಾನು ನೋಡಿಕೊಳ್ಳುವ ಬಿಡುವು ದೊರೆಯುತ್ತದೆ. ಪ್ರದಕ್ಷಿಣೆ ಹಾಕಿ ಬಲ್ಲ ನಮಗೆ ಇದು ತೀರ ಹೊಸದೇನೂ ಅಲ್ಲ.

ಈ ಹಾದಿಗೆ ಒಂದು ವಿಚಿತ್ರ ಗುಣವುಂಟು. ಒಳಹೊಕ್ಕ ಸ್ವಲ್ಪ ಹೊತ್ತಿಗೇ ಅದು ನಮ್ಮನ್ನು ನಡುವಿನ ಬಳಿಗೆ ಒಯ್ಯುತ್ತದೆ. ಇನ್ನೇನು ಬಂದೆವು ಎನ್ನುವಷ್ಟರಲ್ಲಿ ದೂರಕ್ಕೆ ತಿರುಗಿಸಿಬಿಡುತ್ತದೆ. ಕಟ್ಟಕಡೆಗೆ, ಎಲ್ಲಕ್ಕೂ ಹೊರಗಿನ ಸುತ್ತಿನಲ್ಲಿ ಹೆಜ್ಜೆಯಿಡುತ್ತಿರುವವನಿಗೆ ಉಳಿದಿರುವುದು ಕೆಲವೇ ತಿರುವುಗಳು. ನೋಡುವವರ ಕಣ್ಣಿಗಾದರೋ ಅವನು ಎಲ್ಲರಿಗಿಂತ ಹಿಂದೆ. ಅಂಕಪಟ್ಟಿಯನ್ನು ಹಿಡಿದು, ನೆರೆಮನೆಯ ಮಗುವಿನೊಡನೆ ತನ್ನ ಮಗುವನ್ನು ತೂಗಿ, ಕನ್ನಡ ಶಾಲೆಗೆ ಕಳಿಸಿ ಕೆಟ್ಟೆವೇನೋ ಎಂದು ಕೊರಗುವ ತಂದೆತಾಯಿಗಳು ಆ ಹೊರಸುತ್ತನ್ನು ಒಮ್ಮೆ ನಡೆದು ನೋಡಬೇಕೆಂದು ನಮಗೆ ಅನ್ನಿಸುತ್ತದೆ.

ಅದಕ್ಕಾಗಿ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಇದಕ್ಕಿಂತ ಬಹು ಪುರಾತನವಾದ ಏಳು ಸುತ್ತಿನ ಹಾದಿಯನ್ನು ವಿದ್ಯಾರ್ಥಿಗಳೇ ಅಂಗಳದಲ್ಲಿ ಬರೆಯಬಹುದು. ಮೊದಲು ಕೂಡಿಸುವ ಗುರುತು. ಅದರ ನಾಲ್ಕು ಮೂಲೆಗಳಲ್ಲಿ ಹೊರಕ್ಕೆ ಬಾಯ್ದೆರೆದ ಒಂದೊಂದು ಲಂಬಕೋನ. ಪ್ರತಿ ಕೋನದ ಬಾಯಲ್ಲಿ ಒಂದೊಂದು ಚುಕ್ಕೆ. ಗುರುತಿನ ಮೇಲ್ತುದಿಯಿಂದ ಬಲಗಡೆಯ ಕೋನದ ಮೇಲ್ತುದಿಗೆ ಒಂದು ಕಮಾನು ಎಳೆಯಿರಿ. ಬಳಿಕ ಎಡಗಡೆಯ ಕೋನದ ಮೇಲ್ತುದಿಯನ್ನು ಬಲಗಡೆಯ ಚುಕ್ಕೆಗೆ ಕೂಡಿಸಿರಿ. ಹೀಗೆಯೇ ಎಡದ ಮುಂದಿನ ತುದಿಯನ್ನು ಬಲದ ಮುಂದಿನ ತುದಿಗೆ ಸೇರಿಸುತ್ತ ಹೋದರೆ ಎಂಟು ಕಮಾನುಗಳಾಗುತ್ತವೆ. ರಂಗೋಲಿಯಲ್ಲಿ ಕೈ ಪಳಗಿದ ಹೆಣ್ಣುಮಕ್ಕಳು ಇದನ್ನು ನಮಗಿಂತ ಬೇಗ ಕಲಿತಾರು. ಗೆರೆಗಳ ನಡುವೆ ಒಬ್ಬರು ನಡೆಯುವಷ್ಟು ಅಗಲವಿರಲಿ. ಬರಿಗಾಲಿನಲ್ಲಿ, ಮಾತಿಲ್ಲದೆ, ಅವಸರವಿಲ್ಲದೆ ನಡೆಯಿರಿ. ಒಳಗಿನಿಂದ ಮರಳುವವರು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿರಿ.