ಜಾರುವ ಮೆಟ್ಟಿಲು



ಧನುರ್ಮಾಸದ ನಸುಕಿನಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಹೋದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕಾವೇರಿಯ ಮೇಲೆ ಮಂಜು ಕವಿದಿರುತ್ತದೆ, ಕಲ್ಲು ತಣ್ಣಗೆ ಕೊರೆಯುತ್ತಿರುತ್ತದೆ. ಮೇಲಿನ ಮೆಟ್ಟಿಲಲ್ಲಿ ನಿಂತವರು ಯಾರೋ ಎಚ್ಚರಿಸುತ್ತಾರೆ: ‘ಪಾಚಿ ಅದೆ ಕಣವ್ವಾ, ನೋಡ್ಕಂಡು ಇಳಿ.’ ಪಶ್ಚಿಮವಾಹಿನಿಯಲ್ಲಿ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಯಾಣಿಯಲ್ಲಿ, ಕೆ.ಆರ್. ಪೇಟೆಯ ಹೇಮಗಿರಿಯ ಹೊಳೆದಡದಲ್ಲಿ, ನಾಗಮಂಗಲದ ಕಡೆಯ ಕೆರೆ ಸೋಪಾನಗಳಲ್ಲಿ, ಎಲ್ಲೆಲ್ಲೂ ಇದೇ ಎಚ್ಚರಿಕೆ. ಈ ಹೊತ್ತು ಆ ಪಾಚಿಯ ವಿಚಾರ ಮಾತಾಡೋಣ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಕಾಲುದಾರಿಗೆ ಉಪ್ಪು, ಮರಳು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಮಂಜುಗಡ್ಡೆ ಕರಗುತ್ತದೆ. ಮರಳು ಕಾಲಿಗೆ ಹಿಡಿತ ಕೊಡುತ್ತದೆ. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, ಆದರೆ ಜಾರುವ ಕಾರಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದೊಂದು ಪದರ ಬಂದು ಕೂತರೆ ಪಾದ ನೆಲವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಅದು ಮಂಜುಗಡ್ಡೆಯ ಮೇಲಿನ ನೀರಿನ ಪದರ, ಇಲ್ಲಿ ಪಾಚಿಯ ಲೋಳೆ.

ಪಾಚಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಗುಂಪು. ಒಣಗಿ ಸಾಯದಿರಲೆಂದು ಇವು ತಮ್ಮ ಸುತ್ತ ಲೋಳೆ ಸುರಿಸಿಕೊಳ್ಳುತ್ತವೆ. ಬಿಸಿಲಿಗೆ ಆ ಲೋಳೆ ಒಣಗಿ ಕಲ್ಲಿನ ಮೇಲೆ ಕಪ್ಪು ಕಲೆಯಾಗಿ ಅಂಟಿಕೊಳ್ಳುತ್ತದೆ. ಆಗ ಅದರ ಮೇಲೆ ನಿಶ್ಚಿಂತೆಯಿಂದ ನಡೆಯಬಹುದು. ರಾತ್ರಿ ಇಬ್ಬನಿ ಬಿತ್ತೋ, ಅದೇ ಕಲೆ ನೀರು ಹೀರಿ ಉಬ್ಬಿ ಮತ್ತೆ ಲೋಳೆಯಾಗುತ್ತದೆ. ನಿನ್ನೆ ಮಧ್ಯಾಹ್ನ ಸಲೀಸಾಗಿ ಹತ್ತಿಳಿದ ಮೆಟ್ಟಿಲು ಇಂದು ಮುಂಜಾನೆ ಜಾರಿಸುವುದು ಹೀಗೆ.

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟಾಗ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ. ಆಗ ಜನ ಹೆದರಿ ದೂರವೇ ನಿಲ್ಲುತ್ತಾರೆ. ಹೊಳೆ ಇಳಿದ ಮೇಲೆ, ಪಾಚಿ ಕಟ್ಟಿದ ಆ ಮೆಟ್ಟಿಲುಗಳೇ ಹೊರಬೀಳುತ್ತವೆ. ಧನುರ್ಮಾಸ, ಸಂಕ್ರಾಂತಿ, ರಥಸಪ್ತಮಿಯ ಸ್ನಾನಗಳು ಬರುವುದೂ ಆ ಹೊತ್ತಿಗೇ, ಅದೂ ನಸುಕಿನಲ್ಲಿ. ಬಟ್ಟೆ ಒಗೆದ ಸೋಪಿನ ನೀರು, ಎಸೆದ ಹೂವು, ಪಿಂಡದ ಅನ್ನ ಎಲ್ಲವೂ ಪಾಚಿಗೆ ಗೊಬ್ಬರ. ಮರದ ನೆರಳು ಬಿದ್ದ ಕಡೆ ಅದು ಇನ್ನೂ ದಟ್ಟ.

ಪರಿಹಾರ ಸರಳ, ಆದರೆ ಬಿಡದೆ ಮಾಡಬೇಕಾದದ್ದು. ಬಿಸಿಲಲ್ಲಿ ಒಣಗಿದ ಪಾಚಿಯನ್ನು ಗಟ್ಟಿ ಕಡ್ಡಿಪೊರಕೆಯಿಂದಲೋ ತೆಂಗಿನ ನಾರಿನಿಂದಲೋ ಉಜ್ಜಿ ಗುಡಿಸಿ, ಬುಟ್ಟಿಗೆ ತುಂಬಿ ದೂರ ಹಾಕಬೇಕು. ಪಾಚಿ ಮತ್ತೆ ಬೆಳೆಯುತ್ತದೆ, ಆದ್ದರಿಂದ ಈ ಕೆಲಸ ವಾರವಾರವೂ ಆಗಬೇಕು. ಜನ ಸೇರುವ ದಿನ ಒದ್ದೆ ಮೆಟ್ಟಿಲ ಮೇಲೆ ದಪ್ಪ ಮರಳು ಎರಚಿದರೆ, ಅದರ ಹರಳು ಲೋಳೆಯನ್ನು ಸೀಳಿ ಪಾದಕ್ಕೆ ಹಿಡಿತ ಕೊಡುತ್ತದೆ. ಬ್ಲೀಚಿಂಗ್ ಪೌಡರ್ ಸುರಿಯುವುದು ಸುಲಭವೆನಿಸಬಹುದು, ಆದರೆ ಅದು ಹೊಳೆಗಿಳಿದು ಮೀನನ್ನೂ ಕೊಲ್ಲುತ್ತದೆ. ಹಿಮದ ದೇಶದವರಂತೆ ಉಪ್ಪನ್ನೂ ಹಾಕಬಾರದು. ಕಲ್ಲಿನ ಸಂದಿಗೆ ಇಳಿದ ಉಪ್ಪು ಹರಳುಗಟ್ಟಿ ಕಲ್ಲನ್ನು ಪದರಪದರವಾಗಿ ಎಬ್ಬಿಸುತ್ತದೆ.

ಹೊಸದಾಗಿ ಮೆಟ್ಟಿಲು ಕಟ್ಟಿಸುವವರಿಗೆ ಒಂದು ಮಾತು. ಹೊಳಪಿನ ಪಾಲಿಶ್ ಗ್ರಾನೈಟ್ ನೀರಿನ ಹತ್ತಿರ ಬೇಡ. ಚಾಣದ ಗುರುತು ಉಳಿಸಿದ ಒರಟು ಕಲ್ಲೇ ಅಲ್ಲಿಗೆ ಸರಿ. ನೀರು ನಿಲ್ಲದಂತೆ ಸ್ವಲ್ಪ ಇಳಿಜಾರು ಇರಲಿ, ಕೈಗೆ ಸಿಗುವಂತೆ ಕಂಬಿಯೋ ಸರಪಳಿಯೋ ಇರಲಿ. ಹಳೆಯ ಗುಡಿ, ಕಲ್ಯಾಣಿಗಳ ಮೆಟ್ಟಿಲಿಗೆ ಮಾತ್ರ ನಾವಾಗಿ ಉಳಿ ಮುಟ್ಟಿಸಬಾರದು. ಸಂರಕ್ಷಿತ ಸ್ಮಾರಕವಾದರೆ ಅದು ಕಾನೂನಿಗೂ ವಿರುದ್ಧ. ಅಂಥ ಕಡೆ ಪೊರಕೆ, ಮರಳು ಸಾಕು.

ಇಳಿಯುವಾಗ ಪಾದ ಪೂರ್ತಿ ಊರಿ, ಹೆಜ್ಜೆ ಚಿಕ್ಕದಿಡಿ. ಒಂದು ಕಾಲು ನಿಂತ ಮೇಲೆಯೇ ಇನ್ನೊಂದನ್ನು ಎತ್ತಿ. ಒಂದು ಕೈ ಖಾಲಿ ಇರಲಿ, ಕೊಡ, ಬಟ್ಟೆಗಂಟು ಜೊತೆಯವರು ಹಿಡಿಯಲಿ. ವಯಸ್ಸಾದವರ ಮೂಳೆ ಸವೆದಿರುತ್ತದೆ, ಅದರಲ್ಲೂ ಹೆಂಗಸರದು. ಒಮ್ಮೆ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನಂತೆ ನಡೆಯಲಾರರು. ಯಾರಾದರೂ ಬಿದ್ದು ಏಳಲಾಗದಿದ್ದರೆ ರಟ್ಟೆ ಹಿಡಿದು ಎಳೆಯಬೇಡಿ. ನೀರಿನಿಂದ ಅಪಾಯವಿಲ್ಲದಿದ್ದರೆ ಅಲ್ಲಾಡಿಸದೆ ಬಿಟ್ಟು, ಬೆಚ್ಚಗೆ ಹೊದಿಸಿ, 108ಕ್ಕೆ ಕರೆ ಮಾಡಿ.

ಜಾರಿ ಬಿದ್ದವರನ್ನು ಕಂಡು ‘ಗ್ರಹಚಾರ’ ಎಂದು ಹೇಳಿ ಸುಮ್ಮನಾಗುತ್ತೇವೆ. ಅದು ಗ್ರಹಚಾರವಲ್ಲ, ನಾವು ಉಜ್ಜದೆ ಬಿಟ್ಟ ಪಾಚಿ. ಸಂಕ್ರಾಂತಿಗೆ ಮೊದಲು ಒಂದು ಬಿಸಿಲಿನ ಮಧ್ಯಾಹ್ನ ನಿಮ್ಮೂರಿನ ಹತ್ತು ಜನ ಪೊರಕೆ ಹಿಡಿದು ಕೆರೆಯ ಸೋಪಾನಕ್ಕೆ, ಹೊಳೆಯ ಮೆಟ್ಟಿಲಿಗೆ ಹೋಗಿ. ಮರುದಿನ ನಸುಕಿನಲ್ಲಿ ಅಲ್ಲಿ ಇಳಿಯುವವರು ನಿಮ್ಮವ್ವನೇ ಇರಬಹುದು.