ನೀರನಾಯಿಯ ಸಂಸಾರ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಿಂದ ಬಂದು ಕೂತೀರಿ. ನಿಮ್ಮಲ್ಲಿ ಹೊಳೆದಂಡೆಯ ಊರಿನವರು ಎಷ್ಟು ಮಂದಿ? ಕೈ ಎತ್ತಿರಿ. ಹೊಳೆಗೆ ಅರಿವಿ ಒಗೆಯಾಕ ಹೋಗುವವರು? ನೋಡ್ರಿ, ಇನ್ನೂ ಹೆಚ್ಚು ಕೈ ಎದ್ದವು. ಹಂಗಾದರೆ ಈ ಮಾತು ನಿಮಗೇ.

ಇವತ್ತು ನೀರನಾಯಿಯ ವಿಷಯ ಹೇಳ್ತೀನಿ. ಹೆಸರಿನಲ್ಲಿ ನಾಯಿ ಇದೆ. ಆದರೆ ಇದು ನಾಯಿ ಅಲ್ಲ. ನೋಡಲು ದೊಡ್ಡ ಮುಂಗುಸಿಯ ಹಾಗೆ ಇರುತ್ತದೆ. ಮೂಗಿನಿಂದ ಬಾಲದ ತುದಿವರೆಗೆ ಒಂದು ಮೀಟರಿಗಿಂತ ಉದ್ದ. ತೂಕ 7ರಿಂದ 11 ಕಿಲೋ. ಬಾತುಕೋಳಿಗೆ ಇದ್ದಂತೆ ಬೆರಳುಗಳ ನಡುವೆ ತೊಗಲು ಇದೆ. ಮೈಮೇಲೆ ಎರಡು ಪದರ ಕೂದಲು. ಒಳಗಿನ ಪದರ ಇಳಕಲ್ಲ ಸೀರೆಯ ನೇಯ್ಗೆಗಿಂತ ಒತ್ತು. ನೀರಿನಲ್ಲಿ ಮುಳುಗಿ ಎದ್ದರೂ ಒಳಗಿನ ಮೈ ಒಣಗಿಯೇ ಇರುತ್ತದೆ.

ಇಳಕಲ್ಲಿನಿಂದ ಕುಷ್ಟಗಿ, ಗಂಗಾವತಿ ದಾಟಿ ಹೋದರೆ ಕಂಪ್ಲಿ. ಅಲ್ಲಿ ತುಂಗಭದ್ರಾ ಹೊಳೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರನಾಯಿಗೆ ಮೀಸಲು ಮಾಡಿತು. ನೀರನಾಯಿಗಾಗಿಯೇ ಹೀಗೆ ಮಾಡಿದ್ದು ನಮ್ಮ ದೇಶದಲ್ಲಿ ಅದೇ ಮೊದಲು.

ಮಳೆಗಾಲ ಬಂತು, ಹೊಳೆ ತುಂಬಿತು. ಆಗ ನೀರನಾಯಿಗೆ ತಿರುಗಾಟದ ಕಾಲ. ಹಳ್ಳ, ಕೆರೆ, ನೀರು ನಿಂತ ಗದ್ದೆ, ಎಲ್ಲಾ ಕಡೆ ಮೀನು ಹುಡುಕುತ್ತದೆ. ಒಂಟಿಯಾಗಿ ಅಲ್ಲ. ಅವ್ವ, ಅಪ್ಪ, ಹೋದ ವರ್ಷದ ಮಕ್ಕಳು ಕೂಡಿ ಹೋಗುತ್ತವೆ. ಸಾಲಾಗಿ ಈಜಿ ಮೀನನ್ನು ಅಟ್ಟುತ್ತವೆ.

ನೀರು ಇಳಿದು ತಿಳಿಯಾದ ಮೇಲೆ, ಚಳಿಗಾಲದಲ್ಲಿ, ಬಾಣಂತನ. ಬಸಿರು ಎರಡೇ ತಿಂಗಳು. ಬಂಡೆಯ ಸಂದಿಯಲ್ಲೋ ದಂಡೆಯ ಬಿಲದಲ್ಲೋ ಎರಡರಿಂದ ಐದು ಮರಿ ಹಾಕುತ್ತದೆ. ಮರಿಗೆ ಮೊದಲು ಕಣ್ಣು ತೆರೆದಿರುವುದಿಲ್ಲ. ಈಜಲೂ ಬರುವುದಿಲ್ಲ! ನೀರನಾಯಿಯ ಮರಿಗೂ ಅವ್ವನೇ ಈಜು ಕಲಿಸಬೇಕು.

ದೂರದ ಆಸ್ಟ್ರೇಲಿಯಾದಲ್ಲಿ ಪ್ಲಾಟಿಪಸ್ ಎಂಬ ಪ್ರಾಣಿ ಇದೆ. ಅದರ ಮೂತಿ ಬಾತುಕೋಳಿಯ ಕೊಕ್ಕಿನಂತೆ. ಮೊಟ್ಟೆ ಇಡುತ್ತದೆ, ಮರಿಗೆ ಹಾಲೂ ಕೊಡುತ್ತದೆ. ನಗಬೇಡಿರಿ, ಖರೇ ಮಾತು. ಅದರ ಮನೆಯೂ ಹೊಳೆದಂಡೆಯ ಬಿಲವೇ. ಹೊಳೆ ಬತ್ತಿದರೆ ಅದಕ್ಕೂ ನೆಲೆ ಇಲ್ಲ.

ನಮ್ಮ ನೀರನಾಯಿಗೆ ಕಷ್ಟದ ಕಾಲ ಯುಗಾದಿ ಆದ ಮೇಲೆ. ಬೇಸಿಗೆಯ ಮಲಪ್ರಭೆಯನ್ನು ನೀವೇ ನೋಡೀರಿ. ಹರಿವು ನಿಂತು ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತದೆ. ಇಂಥ ಹೊಳೆಗಳಲ್ಲಿ ಮೀನು ಉಳಿಯುವುದು ಆ ಮಡುವಿನಲ್ಲಿ. ನೀರನಾಯಿ ಬರುವುದೂ ಅಲ್ಲಿಗೇ. ನಾವು ಕೊಡ ಹಿಡಿದು ಹೋಗುವುದೂ ಅಲ್ಲಿಗೇ.

ಕೆಲವರು ಇದೇ ಹೊತ್ತು ಕಾಯುತ್ತಾರೆ. ಮಡುವಿಗೆ ಬೆಳೆಗೆ ಹೊಡೆಯುವ ಎಣ್ಣೆ ಸುರಿಯುತ್ತಾರೆ. ಇಲ್ಲವೆ ಸಿಡಿಮದ್ದು ಒಗೆಯುತ್ತಾರೆ. ದೊಡ್ಡ ಮೀನು, ಸಣ್ಣ ಮೀನು, ಏಡಿ ಎಲ್ಲಾ ಸಾಯುತ್ತವೆ. ನೀರನಾಯಿಗೆ ತಿನ್ನಲು ಏನೂ ಉಳಿಯುವುದಿಲ್ಲ. ವಿಷದ ಮೀನು ತಿಂದರೆ ಅದೂ ಸಾಯಬಹುದು. ಅದೇ ನೀರಿನಲ್ಲಿ ನಮ್ಮ ಮಕ್ಕಳು ಈಜುತ್ತಾರೆ. ಎಮ್ಮೆ ಕುಡಿಯುತ್ತದೆ. ಆ ಮೀನು ಸಂತೆಗೆ ಬಂದರೆ ಸಾರು ಮಾಡುವವರು ಯಾರು? ನಾವೇ.

ಮರಳು ತೆಗೆಯುವ ಕಡೆ ದಂಡೆ ಕುಸಿದು ಬಿಲಗಳೂ ಹೋಗುತ್ತವೆ.

ಮೀನುಗಾರರ ಮನೆಯ ತಂಗಿಯರು, “ನಮ್ಮ ಬಲೆ ಹರಿಯುತ್ತದಲ್ರಿ” ಅನ್ನಬಹುದು. ಸುಳ್ಳಲ್ಲ. ಬಲೆಯ ಮೀನಿಗೆ ಅದು ಬಾಯಿ ಹಾಕುತ್ತದೆ, ನಷ್ಟ ಆಗುತ್ತದೆ. ಆದರೆ ಅದು ತಿನ್ನುವುದು ತನ್ನ ಹೊಟ್ಟೆಗೆ ಬೇಕಾದಷ್ಟು. ಎಣ್ಣೆ ಸುರಿದವನು ಮುಂದಿನ ವರ್ಷದ ಮೀನನ್ನೂ ಕೊಲ್ಲುತ್ತಾನೆ. ಸಿಟ್ಟು ಯಾರ ಮೇಲೆ ಇರಬೇಕು, ನೀವೇ ಹೇಳಿರಿ.

ನೀರನಾಯಿಯನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಮಡುವಿಗೆ ಯಾರಾದರೂ ವಿಷ ಹಾಕಿದ್ದು ಕಂಡರೆ ಆ ನೀರು ಮುಟ್ಟಬೇಡಿರಿ, ದನಕ್ಕೂ ಕುಡಿಸಬೇಡಿರಿ. ಪಂಚಾಯಿತಿಗೆ ಹೇಳಿರಿ, ಪೊಲೀಸರಿಗೆ ಹೇಳಿರಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಮಂದಿ ಕೂಡಿ ಹೋಗಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಊರು, ಜಾಗ, ದಿನ ಬರೆದು ಎಲ್ಲರೂ ಸಹಿ ಹಾಕಿ ಕೊಡಿರಿ.

ಹೊಳೆಯ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ ಹಿಕ್ಕೆ ಕಂಡರೆ ಅದು ನೀರನಾಯಿಯದು ಇರಬಹುದು. ನಿಮ್ಮೂರ ಕಡೆ ಯಾರಾದರೂ ಕಂಡೀರೇನು? ಹಿಂದೆ ಕೂತವರು ಕೈ ಎತ್ತೀರಿ. ಎದ್ದು ನಿಂತು ಹೇಳ್ರಿ, ಎಲ್ಲರೂ ಕೇಳೋಣ.