ಹಾರಿದ ಗಂಟೆ, ಬರೆದ ಗಂಟೆ

(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಶಾಲೆಯಲ್ಲಿ ಓದಿ, ಉದ್ಯೋಗನಿಮಿತ್ತ ಅಮೆರಿಕದಲ್ಲಿ ನೆಲಸಿ, ಬಿಡುವಿನಲ್ಲಿ ಸಣ್ಣ ವಿಮಾನ ನಡೆಸುವುದನ್ನು ಕಲಿತ ನಾವು ಕೆಲವರು ಆ ವಿದ್ಯೆಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಮಗನನ್ನೋ ಮಗಳನ್ನೋ ಪೈಲಟ್ ತರಬೇತಿಗೆ ಹೊರದೇಶಕ್ಕೆ ಕಳುಹಿಸುವ ಮಾತು ಈಚೆಗೆ ಕಾಸರಗೋಡಿನ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಅಡಕೆ ತೋಟವನ್ನು ಅಡವಿಟ್ಟು ಸಾಲ ತರುವ ಮುನ್ನ ಹೆತ್ತವರು ತಿಳಿದಿರಬೇಕಾದ ಸಂಗತಿಗಳಿವೆ. ಆದುದರಿಂದ ಆಕಾಶದ ಸೊಬಗನ್ನು ಬಣ್ಣಿಸುವ ಬದಲು ವಿಮಾನಚಾಲಕನ ಲೆಕ್ಕದ ಪುಸ್ತಕವನ್ನೇ ತಮ್ಮ ಮುಂದೆ ಬಿಚ್ಚಿಡುತ್ತೇವೆ.

ಭಾರತದಲ್ಲಿ ನೀಡಲಾದ ಮೊದಲ ಚಾಲಕ ಪರವಾನಗಿ ಜೆ.ಆರ್.ಡಿ. ಟಾಟಾ ಅವರಿಗೆ ದೊರೆತದ್ದು 1929ರ ಫೆಬ್ರವರಿ 10ರಂದು. ಅಂದರೆ ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸು. ಅಂದಿನಿಂದ ಇಂದಿನವರೆಗೆ ಚಾಲಕನ ಅನುಭವವನ್ನು ಅಳೆಯುವ ಮಾನ ಒಂದೇ: ಗಂಟೆ. ವಿಮಾನವು ಹಾರಾಟಕ್ಕಾಗಿ ಸ್ವಂತ ಶಕ್ತಿಯಿಂದ ಚಲಿಸತೊಡಗಿದ ಕ್ಷಣದಿಂದ, ಇಳಿದು ನಿಂತ ಕ್ಷಣದವರೆಗಿನ ಕಾಲವೇ ಹಾರಾಟದ ಕಾಲ. ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಹೊರಟ ಮತ್ತು ಇಳಿದ ಸ್ಥಳ, ತರಬೇತುದಾರರೊಡನೆ ಹಾರಿದ್ದೋ ಏಕಾಂಗಿಯಾಗಿ ಹಾರಿದ್ದೋ, ಹಗಲೋ ಇರುಳೋ ಎಂಬುದೆಲ್ಲವೂ ಲಾಗ್‌ಬುಕ್ಕಿನಲ್ಲಿ ದಾಖಲಾಗಬೇಕು.

ಅಮೆರಿಕದ ಸಾಮಾನ್ಯ ನಿಯಮದಂತೆ ಖಾಸಗಿ ಚಾಲಕನ ಪರವಾನಗಿಗೆ ಕನಿಷ್ಠ 17 ವರ್ಷ ವಯಸ್ಸು ಮತ್ತು 40 ಗಂಟೆಗಳ ಹಾರಾಟ ಬೇಕು. ಅದರಲ್ಲಿ 20 ಗಂಟೆ ತರಬೇತುದಾರರೊಡನೆ, 10 ಗಂಟೆ ಏಕಾಂಗಿಯಾಗಿ. ಏಕಾಂಗಿ ಪಯಣಗಳಲ್ಲಿ ಒಂದಾದರೂ ಒಟ್ಟು 150 ನಾಟಿಕಲ್ ಮೈಲು, ಎಂದರೆ ಸುಮಾರು 278 ಕಿಲೋಮೀಟರ್ ದೂರದ್ದಾಗಿದ್ದು, ಮೂರು ಕಡೆ ಇಳಿದು ನಿಲ್ಲಬೇಕು. ಇರುಳಿನ ತರಬೇತಿ 3 ಗಂಟೆ, ಇರುಳಿನಲ್ಲಿ ಹತ್ತು ಬಾರಿ ಏರಿ ಇಳಿಯಬೇಕು. ಆದರೆ ನಲವತ್ತು ಎಂಬುದು ಹೊಸ್ತಿಲು ಮಾತ್ರ. ಬಹುತೇಕರಿಗೆ ಅದಕ್ಕಿಂತ ಹೆಚ್ಚು ಗಂಟೆಗಳು ಬೇಕಾಗುತ್ತವೆ. ನಲವತ್ತನ್ನೇ ನಂಬಿ ಹಣ ಹೊಂದಿಸಿದವರ ಮಕ್ಕಳು ಅರ್ಧದಲ್ಲಿ ನಿಲ್ಲುವ ಅಪಾಯವಿದೆ.

ಇನ್ನು ಗಣಿತದ ಮಾತು. ಗಂಟೆಗೆ 100 ನಾಟಿಕಲ್ ಮೈಲು ವೇಗದ ವಿಮಾನವೊಂದು 120 ಮೈಲು ದೂರದ ಊರಿಗೆ ಹೋಗಿ ಬರಬೇಕು. ಗಾಳಿಯಿಲ್ಲದಿದ್ದರೆ 2 ಗಂಟೆ 24 ನಿಮಿಷ ಸಾಕು. ಹೋಗುವಾಗ 20 ಮೈಲು ವೇಗದ ಎದುರುಗಾಳಿ, ಬರುವಾಗ ಅದೇ ಗಾಳಿ ಬೆನ್ನಿಗೆ ಇದ್ದರೆ? ಕಳೆದದ್ದೂ ಕೂಡಿದ್ದೂ ಸಮವಾಯಿತೆಂದು ತೋರುತ್ತದೆ. ಹಾಗಲ್ಲ. ಹೋಗಲು ಒಂದೂವರೆ ಗಂಟೆ, ಬರಲು ಒಂದು ಗಂಟೆ, ಒಟ್ಟು ಎರಡೂವರೆ ಗಂಟೆ. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುವುದರಿಂದ ನಷ್ಟವೇ ಹೆಚ್ಚು. ಹಗಲಿನಲ್ಲಿ ತಲುಪುವ ತಾಣಕ್ಕೆ ಬೇಕಾದುದಕ್ಕಿಂತ 30 ನಿಮಿಷ, ಇರುಳಿನಲ್ಲಿ 45 ನಿಮಿಷ ಹಾರಲು ಸಾಲುವಷ್ಟು ಹೆಚ್ಚಿನ ಇಂಧನ ಇರಲೇಬೇಕೆಂಬ ನಿಯಮದ ಬೆಲೆ ಆಗ ಅರಿವಾಗುತ್ತದೆ. ವೇಗ, ಕಾಲ, ದೂರಗಳ ಈ ಲೆಕ್ಕವನ್ನು ನಾವು ಕಲಿತದ್ದು ಇದೇ ಕೋಣೆಗಳಲ್ಲಿ, ಕನ್ನಡದಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ಅಲ್ಲಿನ ಬಾಡಿಗೆ ವಿಮಾನಗಳ ಮೀಟರು ಸಾಮಾನ್ಯವಾಗಿ ಗಂಟೆಯನ್ನು ಹತ್ತು ಭಾಗಮಾಡಿ ತೋರಿಸುತ್ತದೆ. 1.3 ಎಂದರೆ ಒಂದು ಗಂಟೆ 18 ನಿಮಿಷ. ಒಂದೂ ಮೂವತ್ತು ಅಲ್ಲ. ಇದನ್ನು ಗಂಟೆ ನಿಮಿಷಗಳಿಗೆ ತಪ್ಪಾಗಿ ಇಳಿಸಿದರೆ ಪ್ರತಿ ಹಾರಾಟಕ್ಕೂ 12 ನಿಮಿಷ ಹೆಚ್ಚಾಗುತ್ತದೆ. ಅಂಥ ಐವತ್ತು ಹಾರಾಟಗಳಲ್ಲಿ ಹತ್ತು ಗಂಟೆಗಳ ಸುಳ್ಳು ಸೇರುತ್ತದೆ.

ಖಾಸಗಿ ಪರವಾನಗಿಯಿಂದ ಜೀವನೋಪಾಯ ನಡೆಯುವುದಿಲ್ಲ. ಸಂಭಾವನೆಗಾಗಿ ಜನರನ್ನು ಒಯ್ಯುವಂತಿಲ್ಲ. ಜೊತೆಗಾರರೊಡನೆ ಇಂಧನ, ಬಾಡಿಗೆಗಳ ಖರ್ಚನ್ನು ಹಂಚಿಕೊಳ್ಳುವಾಗಲೂ ಚಾಲಕ ತನ್ನ ಪಾಲನ್ನು ತಾನೇ ಕೊಡಬೇಕು. ಭಾರತದಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆಗಳು ಬೇಕು, ಅದರಲ್ಲಿ 100 ಗಂಟೆ ತಾನೇ ಹೊಣೆಗಾರನಾಗಿ ಹಾರಿರಬೇಕು. ಹೊರದೇಶದಲ್ಲಿ ಹಾರಿ ಬಂದವರೂ ಇಲ್ಲಿನ ಲಿಖಿತ ಪರೀಕ್ಷೆಗಳನ್ನೂ ವೈದ್ಯಕೀಯ ತಪಾಸಣೆಯನ್ನೂ ದಾಟಬೇಕು. ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹ ಇಷ್ಟೇ: ಮೊದಲು ಇಲ್ಲಿಯೇ ಪ್ರಥಮ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿ, ನಿಯಮಗಳನ್ನು ಮಧ್ಯವರ್ತಿಗಳ ಬಾಯಿಂದಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದಲೇ ತಿಳಿಯಿರಿ, ಆಮೇಲೆ ಸಾಲದ ಮಾತು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸಾಧ್ಯವೇ ಎಂದು ಹಲವರು ಕೇಳುತ್ತಾರೆ. ಇಂಗ್ಲಿಷ್ ಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ರೇಡಿಯೋ ಸಂಭಾಷಣೆ ವಾಗ್ವೈಭವವನ್ನು ಬೇಡುವುದಿಲ್ಲ. ನಿಯಂತ್ರಣ ಕೇಂದ್ರದ ಅಪ್ಪಣೆಯನ್ನು ಗಮನವಿಟ್ಟು ಕೇಳಿ, ತಪ್ಪದೆ ತಿರುಗಿ ಒಪ್ಪಿಸಬೇಕು. ದಿನವೂ ಗುರುಗಳ ಮುಂದೆ ಮಗ್ಗಿ ಒಪ್ಪಿಸಿದವರಿಗೆ ಆ ಶಿಸ್ತು ಹೊಸದಲ್ಲ. ಉಳಿದುದು ಅಭ್ಯಾಸದಿಂದ ಬರುತ್ತದೆ.

ಅಭ್ಯಾಸದಿಂದ ಬಾರದಿರುವುದು ಸತ್ಯನಿಷ್ಠೆ. ಸಾಮಾನ್ಯವಾಗಿ ಲಾಗ್‌ಬುಕ್ಕನ್ನು ಚಾಲಕನೇ ಬರೆಯುತ್ತಾನೆ. ಏಕಾಂಗಿ ಹಾರಾಟಕ್ಕೆ ಪಕ್ಕದಲ್ಲಿ ಸಾಕ್ಷಿಯಿರುವುದಿಲ್ಲ. ಮೋಸದ ಒಂದು ದಾಖಲೆಗಾಗಿ ಅಮೆರಿಕದಲ್ಲಿ ಪರವಾನಗಿಯನ್ನೇ ಕಿತ್ತುಕೊಳ್ಳಬಹುದು. ನಮ್ಮ ದೇಶದಲ್ಲಿಯೂ ನಕಲಿ ಅಂಕಪಟ್ಟಿ ಒಪ್ಪಿಸಿ ಪರವಾನಗಿ ಪಡೆದ ಪ್ರಕರಣಗಳು 2011ರಲ್ಲಿ ಬಯಲಾಗಿ ಬಂಧನಗಳಾದುವು. ಕಾನೂನಿನ ಭಯ ಒಂದು ಕಡೆಗಿರಲಿ. ಹಾರದ ಗಂಟೆಯನ್ನು ಬರೆದವನು ಮುಂದೊಂದು ದಿನ ಮಂಜು ಕವಿದ ನೆಲಕ್ಕೆ ಇಳಿಯುವಾಗ ಪುಸ್ತಕದಲ್ಲಿರುವ ಅನುಭವ ಕೈಗಳಲ್ಲಿರುವುದಿಲ್ಲ. ಹಿಂದಿನ ಆಸನಗಳಲ್ಲಿ ಅವನನ್ನು ನಂಬಿ ಕುಳಿತವರಿರುತ್ತಾರೆ.

ಗಳಿಸಿದ ಗಂಟೆಯೂ ಶಾಶ್ವತ ಆಸ್ತಿಯಲ್ಲ. ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿಯದವನು ಅಲ್ಲಿ ಪ್ರಯಾಣಿಕರನ್ನು ಒಯ್ಯುವಂತಿಲ್ಲ. 24 ತಿಂಗಳಿಗೊಮ್ಮೆ ತರಬೇತುದಾರರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತುಕೊಳ್ಳಬೇಕು. ಬಳಸದ ವಿದ್ಯೆ ತುಕ್ಕು ಹಿಡಿಯುತ್ತದೆಂಬುದು ಅಲ್ಲಿ ಬರಿಯ ನೀತಿವಾಕ್ಯವಲ್ಲ, ಶಾಸನ. ಗಡಿಯ ಈಚೆಗಿರುವ ನಮ್ಮ ಭಾಷೆಗೂ ಇದು ಸಲ್ಲುವ ಮಾತು.

ನೂರು ವರ್ಷಗಳ ಕಾಲ ಮಕ್ಕಳ ಹಾಜರಿಯನ್ನು ದಿನವೂ ಪ್ರಾಮಾಣಿಕವಾಗಿ ಬರೆಯುತ್ತ ಬಂದ ಗುರುಪರಂಪರೆಗೆ ತಲೆಬಾಗುತ್ತೇವೆ. ಈ ಶಾಲೆಯಿಂದ ಇನ್ನಷ್ಟು ಮಕ್ಕಳು ಎತ್ತರಕ್ಕೆ ಏರಲಿ. ಅವರು ಬರೆಯುವ ಪ್ರತಿಯೊಂದು ಗಂಟೆಯೂ ಹಾರಿದ ಗಂಟೆಯೇ ಆಗಿರಲಿ ಎಂದು ಹಾರೈಸುತ್ತೇವೆ.